ಕಾಯಿಲ್ ಬಿಚ್ಚಬಹುದು, ಸೆಲ್ ಬಿಚ್ಚಬಾರದು

ಇ-ಸಿಗರೇಟು ಕೆಟ್ಟಾಗ ಹೆಚ್ಚಿನವರು ಮೊದಲು ದೂರುವುದು ಬ್ಯಾಟರಿಯನ್ನು. ಸ್ಕ್ರೂಡ್ರೈವರ್ ಹಿಡಿದು ಮೊದಲು ಬಿಚ್ಚಲು ಹೊರಡುವುದೂ ಬ್ಯಾಟರಿಯ ಕಡೆಯನ್ನೇ. ಆದರೆ ದೋಷ ಸಾಮಾನ್ಯವಾಗಿ ಇನ್ನೊಂದು ತುದಿಯಲ್ಲಿರುತ್ತದೆ, ಅಪಾಯ ಮಾತ್ರ ಬ್ಯಾಟರಿಯ ಕಡೆಗಿರುತ್ತದೆ. ಈ ಅಧ್ಯಾಯದ ವಾದವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಉಪಕರಣದ ಒಳಗೆ ಹೆಚ್ಚಿನ ಸಾಮಾನೇನೂ ಇಲ್ಲ. ಒಂದು ಲಿಥಿಯಂ-ಅಯಾನ್ ಸೆಲ್, ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್, ಒತ್ತುವ ಗುಂಡಿ ಅಥವಾ ಉಸಿರೆಳೆದದ್ದನ್ನು ಗುರುತಿಸುವ ಸೆನ್ಸರ್, ದ್ರವ ತುಂಬುವ ಟ್ಯಾಂಕು, ಅದರ ನಡುವೆ ಹತ್ತಿಯನ್ನು ಬಳಸಿದ ತಂತಿಯ ಸುರುಳಿ, ಅಂದರೆ ಕಾಯಿಲ್. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಹೊಗೆಸೊಪ್ಪಿಲ್ಲದ ಸಿಗರೇಟಿಗೆ ಪೇಟೆಂಟ್ ಪಡೆದದ್ದು 1965ರಲ್ಲಿ; ಆಗ ಲಿಥಿಯಂ-ಅಯಾನ್ ಸೆಲ್ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಚೀನಾದ ಔಷಧತಜ್ಞ ಹೊನ್ ಲಿಕ್ 2003ರಲ್ಲಿ ಇದೇ ವಿಚಾರವನ್ನು ಮತ್ತೆ ಕೈಗೆತ್ತಿಕೊಳ್ಳುವ ಹೊತ್ತಿಗೆ ಲಿಥಿಯಂ-ಅಯಾನ್ ಸೆಲ್ ಮಾರುಕಟ್ಟೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಈ ಉಪಕರಣವನ್ನು ಸಾಧ್ಯವಾಗಿಸಿದ್ದೂ ಆ ಸೆಲ್ಲೇ, ಅಪಾಯಕಾರಿಯಾಗಿಸಿದ್ದೂ ಅದೇ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ಕರ್ನಾಟಕ 2016ರಲ್ಲೇ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತ್ತು. 2019ರ ಕೇಂದ್ರ ಕಾಯಿದೆ ಇಡೀ ದೇಶದಲ್ಲಿ ಅದರ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ಅಪರಾಧವೆಂದಿತು. ಇಡೀ ಉಪಕರಣವಷ್ಟೇ ಅಲ್ಲ, ಅದರ ಬಿಡಿಭಾಗವೂ ಅದರಡಿ ಬರುತ್ತದೆ. ಹಾಗಾಗಿ ಇಲ್ಲಿ ಹೇಳುವ ದುರಸ್ತಿಯ ಸಂಗತಿಗಳು ನಮ್ಮೂರಿನ ಅಂಗಡಿಬೀದಿಗೆ ಸಂಬಂಧಿಸಿದವಲ್ಲ. ಬ್ರಿಟನ್, ಅಮೆರಿಕದಂಥ, ಇ-ಸಿಗರೇಟು ಕಾನೂನುಬದ್ಧವಾಗಿರುವ ದೇಶಗಳಿಗೆ ಸಂಬಂಧಿಸಿದವು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಂತೂ ಸಿಗರೇಟು ಬಿಡಲು ಹೆಣಗುವ ವಯಸ್ಕರಿಗೆ ಇದನ್ನು ಒಂದು ದಾರಿಯಾಗಿಯೇ ತೋರಿಸುತ್ತದೆ. ಆದರೆ ಇದರೊಳಗಿನ ಭೌತವಿಜ್ಞಾನಕ್ಕೆ ಗಡಿಯಿಲ್ಲ. ಇದೇ ಸೆಲ್ ನಮ್ಮ ಪವರ್‌ಬ್ಯಾಂಕಿನಲ್ಲಿ, ಟಾರ್ಚಿನಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ ಕೂತಿದೆ.

ದೋಷ ಎಲ್ಲಿರುತ್ತದೆ ಎಂಬುದನ್ನು ಮೊದಲು ನೋಡೋಣ. ಟ್ಯಾಂಕನ್ನು ಬ್ಯಾಟರಿಯ ಭಾಗಕ್ಕೆ ತಿರುಗಿಸಿ ಕೂರಿಸುವ ಜಾಗವನ್ನು ಈ ವಲಯದವರು 510 ಕನೆಕ್ಟರ್ ಎನ್ನುತ್ತಾರೆ. ಏಳು ಮಿಲಿಮೀಟರ್ ಅಗಲದ, ಅರ್ಧ ಮಿಲಿಮೀಟರಿಗೊಂದರಂತೆ ತಿರುಪಿನ ಮರೆ ಇರುವ ಪುಟ್ಟ ಗೂಡು ಅದು. ಗೂಡಿನ ಗೋಡೆಯೇ ಋಣ ತುದಿ. ನಡುವೆ ಚುಕ್ಕಿಯಂತೆ ಕಾಣುವ ಪಿನ್ನು ಧನ ತುದಿ. ಇವೆರಡನ್ನು ಬೇರ್ಪಡಿಸುವುದು ಒಂದು ಸಣ್ಣ ಪ್ಲಾಸ್ಟಿಕ್ ಅಥವಾ ರಬ್ಬರ್ ಉಂಗುರ. ಟ್ಯಾಂಕಿನಿಂದ ಸೋರಿದ ಗ್ಲಿಸರಿನ್ ಇಲ್ಲಿ ಇಳಿದು, ಜೇಬಿನ ಧೂಳು ಹಿಡಿದು, ಕಂದುಬಣ್ಣದ ಅಂಟಾಗಿ ಮರೆಗಳ ನಡುವೆ ಕೂರುತ್ತದೆ. ಟ್ಯಾಂಕನ್ನು ಜೋರಾಗಿ ಬಿಗಿಮಾಡುವವರ ಕೈಯಲ್ಲಿ ನಡುವಿನ ಪಿನ್ನು ಸ್ವಲ್ಪ ಸ್ವಲ್ಪವೇ ಒಳಗೆ ಹೂತುಹೋಗುತ್ತದೆ. ಆಮೇಲೆ ಒಂದು ದಿನ ಕಾಯಿಲ್ ಇದ್ದರೂ ಉಪಕರಣ ‘ಕಾಯಿಲ್ ಇಲ್ಲ’ ಎಂದು ಹೇಳುತ್ತದೆ, ಅಥವಾ ಎಷ್ಟು ಚಾರ್ಜ್ ಮಾಡಿದರೂ ಆವಿ ಮಾತ್ರ ತೆಳ್ಳಗೆ ಬರುತ್ತದೆ. ಬ್ಯಾಟರಿ ಹೋಯಿತು ಎಂಬ ತೀರ್ಪು ಹೊರಬೀಳುವುದು ಆಗಲೇ.

ಆ ತೀರ್ಪು ಎಷ್ಟು ಅವಸರದ್ದು ಎಂಬುದಕ್ಕೆ ಓಮನ ನಿಯಮವೇ ಸಾಕ್ಷಿ. ಪೂರ್ತಿ ಚಾರ್ಜ್ ಆದ ಸೆಲ್ಲಿನ ವೋಲ್ಟೇಜು 4.2. ಕಾಯಿಲ್‌ನ ರೋಧ 1.2 ಓಮ್ ಎಂದಿಟ್ಟುಕೊಂಡರೆ ಹರಿಯುವ ವಿದ್ಯುತ್ತು 3.5 ಆಂಪಿಯರ್, ಕಾಯಿಲ್‌ಗೆ ಸಿಗುವ ಶಕ್ತಿ ಸುಮಾರು 14.7 ವ್ಯಾಟ್. ಈಗ ಕೊಳೆ ಹಿಡಿದ ಪಿನ್ನು ಕೇವಲ 0.3 ಓಮ್ ರೋಧ ಸೇರಿಸಿತೆನ್ನಿ. ಒಟ್ಟು 1.5 ಓಮ್ ಆಯಿತು, ವಿದ್ಯುತ್ತು 2.8 ಆಂಪಿಯರಿಗೆ ಇಳಿಯಿತು, ಕಾಯಿಲ್‌ಗೆ ದಕ್ಕಿದ್ದು 9.4 ವ್ಯಾಟ್ ಮಾತ್ರ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಕಾಯಿಲ್ ತಲುಪಲೇ ಇಲ್ಲ, ಸೆಲ್ಲಿನಲ್ಲಿ ಯಾವ ದೋಷವೂ ಇಲ್ಲ. ಕಾಯಿಲ್‌ನ ರೋಧ ಕಡಿಮೆಯಾದಷ್ಟೂ ಕೊಳೆಯ ಪ್ರಭಾವ ಹೆಚ್ಚು. ದಟ್ಟ ಆವಿಗೆಂದು ಮಾಡಿದ 0.15 ಓಮಿನ ಕಾಯಿಲ್ ಜೊತೆಗೆ 0.05 ಓಮ್ ಕೊಳೆ ಸೇರಿದರೂ ಸಾಕು, 118 ವ್ಯಾಟ್ ಇದ್ದದ್ದು 66ಕ್ಕೆ ಬರುತ್ತದೆ; ಅದಕ್ಕಿಂತ ಮುಖ್ಯವಾದದ್ದು, 22 ವ್ಯಾಟ್ ಆ ಪುಟ್ಟ ಪಿನ್ನಿನಲ್ಲೇ ಬಿಸಿಯಾಗಿ ಖರ್ಚಾಗುತ್ತದೆ. ಕೆಲವು ಉಪಕರಣಗಳ ಕುತ್ತಿಗೆ ಮುಟ್ಟಲಾಗದಷ್ಟು ಬಿಸಿಯಾಗುವುದು, ಒಳಗಿನ ಪ್ಲಾಸ್ಟಿಕ್ ಉಂಗುರ ಕರಗುವುದು ಇದರಿಂದ.

ಇದಕ್ಕೆ ಬೇಕಾದ ದುರಸ್ತಿ ಹಾಸ್ಯಾಸ್ಪದವೆನಿಸುವಷ್ಟು ಸರಳ. ಉಪಕರಣವನ್ನು ಆಫ್ ಮಾಡಿ, ಸೆಲ್ ಹೊರತೆಗೆಯಲು ಬರುವ ಮಾದರಿಯಾಗಿದ್ದರೆ ಅದನ್ನು ತೆಗೆದಿಟ್ಟು, ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸು ಅದ್ದಿದ ಹತ್ತಿಕಡ್ಡಿಯಿಂದ ಗೂಡನ್ನೂ ಟ್ಯಾಂಕಿನ ತಳವನ್ನೂ ಒರೆಸಿ, ಪೂರ್ತಿ ಒಣಗಲು ಬಿಡುವುದು. ಹೂತ ಪಿನ್ನನ್ನು ಮರದ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮೇಲೆತ್ತುವುದು. ಲೋಹದ ಸೂಜಿಯಿಂದ ಅಲ್ಲ, ಏಕೆಂದರೆ ಸೂಜಿ ಒಮ್ಮೆ ಗೋಡೆಗೂ ಪಿನ್ನಿಗೂ ತಗುಲಿದರೆ ಅದೇ ಶಾರ್ಟ್. ಮಲ್ಟಿಮೀಟರಿನಿಂದ ಕಾಯಿಲ್ ಅಳೆಯುವವರಿಗೆ ಒಂದು ಎಚ್ಚರಿಕೆ: ಅಗ್ಗದ ಮೀಟರಿನ ತಂತಿಗಳಿಗೇ 0.2, 0.3 ಓಮ್ ರೋಧ ಇರುತ್ತದೆ. ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ಬಂದ ಸಂಖ್ಯೆಯನ್ನು ಕಳೆಯದೆ ಹೋದರೆ 0.15 ಓಮಿನ ಕಾಯಿಲ್ 0.4 ಎಂದು ತೋರಿಸಿ ದಾರಿ ತಪ್ಪಿಸುತ್ತದೆ. ಕಾಯಿಲ್‌ಗೆ ಹೆಚ್ಚಾಗಿ ಬಳಸುವ ಕಾಂತಾಲ್ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ. ಸ್ವೀಡನ್ನಿನಲ್ಲಿ ವಿದ್ಯುತ್ ಕುಲುಮೆಗಳಿಗಾಗಿ ಬಂದದ್ದು. ಬಿಸಿಯಾದರೂ ಅದರ ರೋಧ ಹೆಚ್ಚುಕಡಿಮೆ ಬದಲಾಗದ ಕಾರಣ, ತಣ್ಣಗಿರುವಾಗ ಅಳೆದ ಸಂಖ್ಯೆಯನ್ನೇ ನಂಬಬಹುದು.

ಎರಡನೆಯ ಸಾಮಾನ್ಯ ದೂರು ಸುಟ್ಟ ರುಚಿ. ಇಲ್ಲಿ ಕೆಡುವುದು ವಿದ್ಯುತ್ತಲ್ಲ, ದ್ರವದ ಹರಿವು. ಕಾಯಿಲ್‌ನ ಹತ್ತಿ ದೀಪದ ಬತ್ತಿಯಂತೆ ಟ್ಯಾಂಕಿನ ದ್ರವವನ್ನು ತಂತಿಯವರೆಗೆ ಹೀರಿ ತರುತ್ತದೆ. ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸಿನಲ್ಲಿ, ಗ್ಲಿಸರಿನ್ 290ರಲ್ಲಿ. ತಂತಿಯ ಸುತ್ತ ದ್ರವ ಇರುವ ತನಕ ಬಂದ ಶಾಖವೆಲ್ಲ ಅದನ್ನು ಆವಿಯಾಗಿಸಲು ಖರ್ಚಾಗುವುದರಿಂದ ತಂತಿಯ ಉಷ್ಣತೆ ಒಂದು ಮಿತಿಯೊಳಗೇ ಇರುತ್ತದೆ. ದ್ರವ ಬರುವುದು ತಡವಾಯಿತೋ, ಆ ಕಡಿವಾಣ ಕಳಚಿತು. ತಂತಿ ಇನ್ನೂ ಬಿಸಿಯಾಗುತ್ತದೆ, ಹತ್ತಿ ಕರಕಾಗುತ್ತದೆ, ಉಳಿದ ದ್ರವ ವಿಭಜನೆಗೊಂಡು ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳು ಹುಟ್ಟುತ್ತವೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ, ಹೆಚ್ಚಿನ ವೋಲ್ಟೇಜಿನಲ್ಲಿ ನಡೆಸಿದ ಇ-ಸಿಗರೇಟಿನ ಆವಿಯಲ್ಲಿ ಇದನ್ನು ಗಣನೀಯ ಪ್ರಮಾಣದಲ್ಲಿ ಕಂಡಾಗ ದೊಡ್ಡ ಚರ್ಚೆಯೇ ಆಯಿತು. ಅಷ್ಟು ಬಿಸಿಮಾಡಿದರೆ ರುಚಿ ಅಸಹ್ಯವಾಗಿ ಯಾರೂ ಎಳೆಯುವುದೇ ಇಲ್ಲ ಎಂದು ವಿರೋಧಿಗಳು ವಾದಿಸಿದರು. ಆ ಜಗಳದಲ್ಲಿ ಯಾರು ಗೆದ್ದರೂ ದುರಸ್ತಿಗೆ ಕೂತವನಿಗೆ ಸಿಗುವ ಸೂಚನೆ ಒಂದೇ. ಸುಟ್ಟ ರುಚಿ ಸಹಿಸಿಕೊಂಡು ಮುಂದುವರಿಯುವ ವಿಷಯವಲ್ಲ, ಅದು ರೋಗದ ಲಕ್ಷಣ. ಕಾಯಿಲ್ ತೊಳೆದು ಮತ್ತೆ ಹಾಕುವ ಉಳಿತಾಯದ ಬುದ್ಧಿ ಇಲ್ಲಿ ನಡೆಯದು. ಕರಕಾದ ಹತ್ತಿ ಎಷ್ಟು ತೊಳೆದರೂ ಹತ್ತಿಯಾಗುವುದಿಲ್ಲ. ಹೊಸ ಕಾಯಿಲ್ ಹಾಕಿ, ಹತ್ತಿ ನೆನೆಯಲು ಕೆಲವು ನಿಮಿಷ ಬಿಟ್ಟು ಆಮೇಲೆ ಗುಂಡಿ ಒತ್ತಬೇಕು. ಹೊಸ ಕಾಯಿಲ್ ಮೊದಲ ದಿನವೇ ಸುಡುವುದು ಈ ಕೆಲವು ನಿಮಿಷ ಕಾಯದವರ ಮನೆಯಲ್ಲಿ.

ಸೋರಿಕೆಗೆ ಬಹುಪಾಲು ಟ್ಯಾಂಕಿನ ಹರಿದ ಒ-ರಿಂಗ್, ಅಂದರೆ ರಬ್ಬರ್ ಉಂಗುರ, ಕಾರಣ, ಅದನ್ನು ಬದಲಿಸಿದರೆ ಮುಗಿಯಿತು. ಇನ್ನೊಂದು ದೋಷ ಮಾತ್ರ ಬೇರೆ ಜಾತಿಯದು. ಗುಂಡಿಯಿಲ್ಲದ ಉಪಕರಣಗಳಲ್ಲಿ ಉಸಿರೆಳೆದಾಗ ಆಗುವ ಒತ್ತಡದ ವ್ಯತ್ಯಾಸವನ್ನು ಮೈಕ್ರೊಫೋನಿನಂಥ ಪುಟ್ಟ ಸೆನ್ಸರ್ ಗುರುತಿಸಿ ಕಾಯಿಲ್‌ಗೆ ವಿದ್ಯುತ್ ಬಿಡುತ್ತದೆ. ಅದರ ಮೇಲೆ ದ್ರವ ಬಿದ್ದರೆ ಯಾರೂ ಎಳೆಯದಿದ್ದರೂ ಎಳೆದಂತೆ ಭಾವಿಸಿ ತಾನಾಗಿ ಉರಿಯತೊಡಗುತ್ತದೆ. ಮೇಜಿನ ಮೇಲೆ ಒಂಟಿಯಾಗಿ ಬಿದ್ದಿದ್ದರೂ ದೀಪ ಬೆಳಗುವ, ಬಾಯಿಕೊಳವೆಯಿಂದ ಆವಿ ಹೊರಡುವ ಉಪಕರಣ ಇದು. ನಾನು ಎಳೆಯುತ್ತಿರುವ ಗೆರೆ ಇಲ್ಲಿಂದಲೇ ಶುರುವಾಗುತ್ತದೆ. ಇಂಥದ್ದನ್ನು ಒಣಗಿಸಿ ಮತ್ತೆ ಬಳಸುವ ಪ್ರಯತ್ನ ಬೇಡ. ಕಾಯಿಲ್ ಕಡೆಯ ದೋಷ ತಪ್ಪಾಗಿ ರಿಪೇರಿಯಾದರೆ ರುಚಿ ಕೆಡುತ್ತದೆ. ವಿದ್ಯುತ್ತನ್ನು ನಿಯಂತ್ರಿಸುವ ಭಾಗ ತಪ್ಪಾಗಿ ರಿಪೇರಿಯಾದರೆ ಬೆಂಕಿ ಹತ್ತುತ್ತದೆ.

ಅಂಥ ಬೆಂಕಿಯ ಲೆಕ್ಕ ನಮ್ಮ ಮುಂದಿದೆ. ಅಮೆರಿಕದ ಅಗ್ನಿಶಾಮಕ ಆಡಳಿತ 2017ರಲ್ಲಿ ಪ್ರಕಟಿಸಿದ ವರದಿ 2009ರಿಂದ 2016ರ ಕೊನೆಯ ತನಕ ಇ-ಸಿಗರೇಟು ಸಿಡಿದ ಅಥವಾ ಹೊತ್ತಿಕೊಂಡ 195 ಘಟನೆಗಳನ್ನು ಕಲೆಹಾಕಿತು. 133 ಘಟನೆಗಳಲ್ಲಿ ಗಾಯ, ಅವುಗಳಲ್ಲಿ 38 ಗಂಭೀರ. 61 ಉಪಕರಣಗಳು ಜೇಬಿನಲ್ಲಿದ್ದಾಗ, 60 ಬಳಕೆಯಲ್ಲಿದ್ದಾಗ, 48 ಚಾರ್ಜಿಗಿಟ್ಟಾಗ, 18 ಸುಮ್ಮನೆ ಇಟ್ಟಲ್ಲಿಯೇ ಹೊತ್ತಿಕೊಂಡವು. ಆ ಅವಧಿಯಲ್ಲಿ ಸಾವು ಆಗಿರಲಿಲ್ಲ. 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸಿನಲ್ಲಿ ಒಬ್ಬೊಬ್ಬರು ಸತ್ತರು. ಇವೆಲ್ಲ ಮನೆ ರಿಪೇರಿಯ ಫಲ ಎಂದು ಹೇಳಹೊರಟರೆ ತಪ್ಪಾದೀತು, ಎಷ್ಟೋ ಉಪಕರಣಗಳನ್ನು ಯಾರೂ ಬಿಚ್ಚಿರಲಿಕ್ಕಿಲ್ಲ. ಅಂಕಿಗಳಿಂದ ನಾನು ತೆಗೆಯುವ ತೀರ್ಮಾನ ಇನ್ನೂ ಚಿಕ್ಕದು. ಕೊಳೆ ಹಿಡಿದ ಪಿನ್ನಾಗಲಿ ಕರಕಾದ ಹತ್ತಿಯಾಗಲಿ ತಾವಾಗಿ ಜೇಬಿನಲ್ಲಿ ಸಿಡಿಯಲಾರವು. ಆ ಕೆಲಸಕ್ಕೆ ಬೇಕಾದಷ್ಟು ಶಕ್ತಿ ಕೂಡಿಟ್ಟಿರುವ ಭಾಗ ಇಡೀ ಉಪಕರಣದಲ್ಲಿ ಒಂದೇ.

ಎಷ್ಟು ಶಕ್ತಿ? ಟ್ಯಾಂಕು ಬದಲಿಸಲು ಬರುವ ದೊಡ್ಡ ಉಪಕರಣಗಳಲ್ಲಿ ಇರುವುದು 18650 ಎಂಬ ಸೆಲ್. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ, ಹೆಸರೇ ಅಳತೆ. 2,500 ಮಿಲಿಆಂಪಿಯರ್-ಗಂಟೆಯ ಒಂದು ಸೆಲ್ಲಿನಲ್ಲಿ ಸುಮಾರು 9 ವ್ಯಾಟ್-ಗಂಟೆ, ಅಂದರೆ 32,000 ಜೂಲಿಗಿಂತ ಹೆಚ್ಚು ಶಕ್ತಿ ಇರುತ್ತದೆ. ಕೋಣೆಯ ಉಷ್ಣತೆಯ 100 ಮಿಲಿಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಇದು ಸಾಕು. ಒಳಗೆ ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ಇವೆರಡರ ನಡುವೆ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ದಪ್ಪದ ಪ್ಲಾಸ್ಟಿಕ್ ಪೊರೆ, ಎಲ್ಲವೂ ಹೊತ್ತಿಕೊಳ್ಳಬಲ್ಲ ದ್ರಾವಣದಲ್ಲಿ ನೆನೆದು ಸುರುಳಿ ಸುತ್ತಿಕೊಂಡಿರುತ್ತವೆ. ಸುಮಾರು 130 ಡಿಗ್ರಿ ದಾಟಿದರೆ ಆ ಪೊರೆ ಕರಗತೊಡಗುತ್ತದೆ, ಹಾಳೆಗಳು ಒಂದಕ್ಕೊಂದು ತಗುಲುತ್ತವೆ, ಅದರಿಂದ ಬಿಸಿ ಇನ್ನೂ ಏರಿ ಧನ ತುದಿಯ ವಸ್ತು ಆಮ್ಲಜನಕ ಬಿಡಲಾರಂಭಿಸುತ್ತದೆ. ಉರಿಯಲು ಹೊರಗಿನ ಗಾಳಿಯ ಹಂಗೂ ಉಳಿಯುವುದಿಲ್ಲ. ಸೆಲ್ಲಿನ ತುದಿಗೆ ನೇರವಾಗಿ ಬೆಸುಗೆ ಹಾಕುವುದು ಅಪಾಯವೆನ್ನುವುದಕ್ಕೆ ಕಾರಣ ಇದು. ಬೆಸುಗೆ ಕಡ್ಡಿಯ ಮೊನೆ 300 ಡಿಗ್ರಿಗಿಂತ ಬಿಸಿ. ಕಾರ್ಖಾನೆಗಳಲ್ಲಿ ಕ್ಷಣದಲ್ಲಿ ಮುಗಿಯುವ ಸ್ಪಾಟ್ ವೆಲ್ಡಿಂಗ್ ಮಾಡುವುದು ಸುಮ್ಮನೆ ಅಲ್ಲ.

ಸೆಲ್ಲಿನ ಹೊರಮೈಯನ್ನೂ ಒಮ್ಮೆ ಹತ್ತಿರದಿಂದ ನೋಡಬೇಕು. ನಡುವಿನ ಗುಬುಟು ಮಾತ್ರ ಧನ ತುದಿ. ತಳದಿಂದ ಹಿಡಿದು ಆ ಗುಬುಟಿನ ಸುತ್ತಲ ಅಂಚಿನವರೆಗೂ ಉಳಿದ ಇಡೀ ಉಕ್ಕಿನ ಡಬ್ಬಿ ಋಣ ತುದಿ. ಮೇಲೆ ಸುತ್ತಿದ ತೆಳು ಪ್ಲಾಸ್ಟಿಕ್ ಹೊದಿಕೆ, ಗುಬುಟಿನ ಸುತ್ತ ಕೂರಿಸಿದ ಕಾಗದದಂಥ ಬಿಳಿ ಬಳೆ, ಇವಿಷ್ಟೇ ಶಾರ್ಟ್ ಆಗದಂತೆ ಕಾಯುವುದು. ಆ ಹೊದಿಕೆ ಅಂಚಿನಲ್ಲಿ ಒಂದು ಚೂರು ಹರಿದರೆ, ಲೋಹದ ಉಪಕರಣದೊಳಗೆ ಜಾರಿಸುವಾಗಲೇ ಶಾರ್ಟ್ ಆಗಬಹುದು. ಬಿಡಿ ಸೆಲ್ಲನ್ನು ಬೀಗದಕೈಗಳ ಜೊತೆ ಜೇಬಿಗೆ ಹಾಕಿದರೆ ಹೊದಿಕೆ ಹರಿಯುವುದೂ ಬೇಕಿಲ್ಲ. ಹೊದಿಕೆ ಹರಿದ ಸೆಲ್ಲಿಗೆ ಅಂಟುಪಟ್ಟಿ ಸುತ್ತುವುದು ದುರಸ್ತಿಯಲ್ಲ. ಪೂರ್ತಿ ಬರಿದಾಗಿ ಎರಡು ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ಬಲವಂತದಿಂದ ‘ಎಬ್ಬಿಸುವುದೂ’ ಅಲ್ಲ: ಅಷ್ಟು ಕೆಳಗಿಳಿದಾಗ ತಾಮ್ರದ ಹಾಳೆ ಕರಗಿ ದ್ರಾವಣ ಸೇರುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಬೇಡದ ಕಡೆಯಲ್ಲಿ ತಾಮ್ರವಾಗಿ ಬೆಳೆದು ಒಳಗೇ ಶಾರ್ಟ್ ಮಾಡಬಲ್ಲದು. ಸರ್ಕ್ಯೂಟಿನ ರಕ್ಷಣಾ ಚಿಪ್ ಅಂಥ ಸೆಲ್ಲಿನ ಚಾರ್ಜನ್ನು ತಡೆದರೆ ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಸೆಲ್ ಬಿಚ್ಚಬಾರದು ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಮೊಬೈಲಿನಲ್ಲೂ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ಬೀದಿಬೀದಿಯ ಅಂಗಡಿಯಲ್ಲಿ ಅದನ್ನು ಬದಲಿಸುತ್ತಾರೆ. ಇದಕ್ಕೆ ಮಾತ್ರ ಯಾಕೆ ಇಷ್ಟು ಭಯ? ಮೊದಲನೆಯದಾಗಿ, ಅಂಗಡಿಯವರು ಬದಲಿಸುವುದು ಇಡೀ ಬ್ಯಾಟರಿಯನ್ನು, ಅದರ ರಕ್ಷಣಾ ಸರ್ಕ್ಯೂಟಿನ ಸಮೇತ. ಸೆಲ್ಲನ್ನು ಬಿಚ್ಚಿ ರಿಪೇರಿ ಮಾಡುವುದಿಲ್ಲ. ಎರಡನೆಯದಾಗಿ, ಆಕಾರದ ವ್ಯತ್ಯಾಸವಿದೆ. ಮೊಬೈಲಿನ ಚಪ್ಪಟೆ ಬ್ಯಾಟರಿ ಮೆತ್ತನೆಯ ಚೀಲದಲ್ಲಿದ್ದು, ಕೆಟ್ಟಾಗ ಸಾಮಾನ್ಯವಾಗಿ ಉಬ್ಬಿ ಮುನ್ಸೂಚನೆ ಕೊಡುತ್ತದೆ. ಇ-ಸಿಗರೇಟಿನ ಕೊಳವೆ ಸೆಲ್ ಗಟ್ಟಿ ಉಕ್ಕಿನ ಡಬ್ಬಿ. ಅದರ ದುರ್ಬಲ ಜಾಗ ತುದಿ. ಅದನ್ನು ಇನ್ನೊಂದು ಲೋಹದ ಕೊಳವೆಯೊಳಗೆ ಇಟ್ಟಿರುವುದರಿಂದ ಒತ್ತಡಕ್ಕೆ ಬೇರೆ ದಾರಿಯಿಲ್ಲದೆ ತುದಿಯಿಂದಲೇ ಚಿಮ್ಮುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತದ ಆ ವರದಿ ಒತ್ತಿ ಹೇಳಿದ್ದು ಇದನ್ನೇ. ಮೂರನೆಯದಾಗಿ, ಬೇರೆ ಗೃಹೋಪಯೋಗಿ ಉಪಕರಣಗಳಲ್ಲಿ ಹೆಚ್ಚಿನವನ್ನು ನಾವು ಚಾಲೂ ಮಾಡುವ ಕ್ಷಣದಲ್ಲಿ ಹಲ್ಲುಗಳ ನಡುವೆ ಇಟ್ಟುಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ಹವ್ಯಾಸಿಗಳದು. ತಾವೇ ತಂತಿ ಸುತ್ತಿ ಕಾಯಿಲ್ ಮಾಡಿಕೊಳ್ಳುವ, ಸರ್ಕ್ಯೂಟೇ ಇಲ್ಲದ ‘ಮೆಕ್ಯಾನಿಕಲ್’ ಉಪಕರಣಗಳನ್ನು ವರ್ಷಗಟ್ಟಲೆ ಸುರಕ್ಷಿತವಾಗಿ ಬಳಸಿದ ಸಾವಿರಾರು ಮಂದಿ ಇದ್ದಾರೆ. ಹಾಗಾದರೆ ಗೆರೆ ಎಳೆಯಬೇಕಾದ್ದು ಕೌಶಲದ ಮೇಲಲ್ಲವೇ? ಅಲ್ಲ ಎನ್ನುವುದಕ್ಕೆ ಮತ್ತೆ ಓಮನ ನಿಯಮವೇ ಸಾಕು. ಸರ್ಕ್ಯೂಟ್ ಇಲ್ಲದ ಕೊಳವೆಯಲ್ಲಿ 0.15 ಓಮಿನ ಕಾಯಿಲ್ ಇಟ್ಟರೆ ಪೂರ್ತಿ ಚಾರ್ಜ್ ಆದ ಸೆಲ್ಲಿನಿಂದ 28 ಆಂಪಿಯರ್ ಹರಿಯಲು ನೋಡುತ್ತದೆ. ಹೆಚ್ಚು ವಿದ್ಯುತ್ ಕೊಡಲೆಂದೇ ಮಾಡಿದ, ಹೆಸರುವಾಸಿ ಕಂಪನಿಯ 18650 ಸೆಲ್ಲಿಗೂ ಸತತವಾಗಿ 20 ಆಂಪಿಯರಿನ ಆಸುಪಾಸೇ ಮಿತಿ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಅದೇ ಅಳತೆಯ, ನೋಡಲು ಹಾಗೆಯೇ ಇರುವ ಸೆಲ್ಲಿಗೆ ಸಾಮಾನ್ಯವಾಗಿ ನಾಲ್ಕೈದು ಆಂಪಿಯರ್. ಸಾಲದ್ದಕ್ಕೆ, ಇನ್ಯಾರದೋ ಸೆಲ್ಲಿಗೆ ಹೊಸ ಹೊದಿಕೆ ಹಾಕಿ 40 ಆಂಪಿಯರ್ ಎಂದು ಅಚ್ಚುಹಾಕಿ ಮಾರುವವರಿಗೂ ಕೊರತೆಯಿಲ್ಲ. ಕುಶಲಕರ್ಮಿ ತನ್ನ ಕೈಯನ್ನು ನಂಬಬಹುದು. ಸೆಲ್ಲಿನ ಮೇಲೆ ಅಚ್ಚಾದ ಸಂಖ್ಯೆಯನ್ನು ಅವನು ಕೈಯಿಂದ ಪರೀಕ್ಷಿಸಲಾರ. ಕಣ್ಣಿಗೆ ಕಾಣದ, ಮನೆಯ ಮೀಟರಿಗೆ ನಿಲುಕದ ದೋಷದೆದುರು ಕೌಶಲಕ್ಕೆ ಹೆಚ್ಚಿನ ಬೆಲೆಯಿಲ್ಲ.

ಹಾಗಾದರೆ ರಿಪೇರಿಯ ಗೊಡವೆಯೇ ಬೇಡ, ಅಗ್ಗದ ವಸ್ತು, ಬಿಸಾಡಿ ಹೊಸದು ಕೊಂಡರಾಯಿತು ಎಂಬುದು ಮೂರನೆಯ ಮಾತು. ಬ್ರಿಟನ್ ಈ ಮಾತನ್ನು ಕೆಲವು ವರ್ಷ ಅಕ್ಷರಶಃ ಪಾಲಿಸಿತು. ಒಮ್ಮೆ ಬಳಸಿ ಎಸೆಯುವ ಇ-ಸಿಗರೇಟುಗಳು ಅಲ್ಲಿ 2023ರಲ್ಲಿ ವಾರಕ್ಕೆ ಸುಮಾರು 50 ಲಕ್ಷದಂತೆ ಕಸಕ್ಕೆ ಹೋಗುತ್ತಿದ್ದವು ಎಂದು ಮರುಬಳಕೆಗಾಗಿ ದುಡಿಯುವ ಮಟೀರಿಯಲ್ ಫೋಕಸ್ ಸಂಸ್ಥೆ ಅಂದಾಜಿಸಿತು. ಅದೇ ವರ್ಷ ಯೂನಿವರ್ಸಿಟಿ ಕಾಲೇಜ್ ಲಂಡನ್ ಮತ್ತು ಆಕ್ಸ್‌ಫರ್ಡಿನ ಸಂಶೋಧಕರು ಇಂಥ ಉಪಕರಣಗಳ ಸೆಲ್ಲುಗಳನ್ನು ಪ್ರಯೋಗಾಲಯದಲ್ಲಿ ತೆಗೆದು ಪರೀಕ್ಷಿಸಿದರು. ಒಮ್ಮೆ ಬಳಸಿ ಎಸೆಯಿರಿ ಎಂದು ಮಾರಿದ ಸೆಲ್ಲುಗಳು 450ಕ್ಕೂ ಹೆಚ್ಚು ಬಾರಿ ಚಾರ್ಜ್ ಆಗಬಲ್ಲವಾಗಿದ್ದವು. ಕೆಟ್ಟದ್ದು ಏನೂ ಇರಲಿಲ್ಲ. ದ್ರವ ಮುಗಿದಿತ್ತು, ಚಾರ್ಜಿಂಗ್ ತೂತು ಇಟ್ಟಿರಲಿಲ್ಲ, ಅಷ್ಟೇ. ಕಸದ ಲಾರಿಯ ಯಂತ್ರ ಇಂಥ ಸೆಲ್ಲನ್ನು ಜಜ್ಜಿದಾಗ ಆಗುವುದು ಮೇಲೆ ವರ್ಣಿಸಿದ ಬೆಂಕಿಯೇ. ಸೆಲ್ಲನ್ನು ಬಿಚ್ಚಬೇಡಿ ಎಂದು ಬಳಕೆದಾರನಿಗೆ ಹೇಳುತ್ತಲೇ, ಬಿಚ್ಚದೆ ಬೇರೆ ದಾರಿಯಿಲ್ಲದಂಥ ಉಪಕರಣವನ್ನು ಅವನ ಕೈಗೆ ಕೊಡುವುದು ತಯಾರಕರ ಇಬ್ಬಂದಿ ನೀತಿ. ಬ್ರಿಟನ್ 2025ರ ಜೂನ್ 1ರಿಂದ ಇವುಗಳ ಮಾರಾಟ ನಿಷೇಧಿಸಿತು. ಈಗ ಮಾರುವ ಉಪಕರಣವನ್ನು ಚಾರ್ಜ್ ಮಾಡಲು, ಮತ್ತೆ ತುಂಬಲು ಬರಬೇಕು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ 2023ರ ಕೊನೆಯಲ್ಲೇ ಬ್ಯಾಟರಿ ಹೊರತೆಗೆಯಲು ಬರಬೇಕೆಂಬ ನಿಯಮ ಮಾಡಿತ್ತು. ಸರಿಯಾದ ವಿನ್ಯಾಸ ಇದೇ ಎಂದು ನನಗನ್ನಿಸುತ್ತದೆ.

ಕೊನೆಯ ಆಕ್ಷೇಪ ವೈದ್ಯರದು. ನಿಕೋಟಿನ್ ಚಟ ಹಿಡಿಸುವ ಈ ವಸ್ತು ಕೆಟ್ಟರೆ ಕೆಡಲಿ, ಅದನ್ನು ಸರಿಮಾಡುವ ವಿದ್ಯೆ ಏಕೆ ಹೇಳಿಕೊಡಬೇಕು? ಧೂಮಪಾನದ ಗೀಳೇ ಇಲ್ಲದವರು ಇದನ್ನು ಮುಟ್ಟಬಾರದು ಎಂಬುದರಲ್ಲಿ ನನಗೆ ತಕರಾರಿಲ್ಲ. ಚೊಕ್ಕವಾಗಿ ರಿಪೇರಿಯಾದ ಉಪಕರಣ ಕೆಟ್ಟ ದ್ರವವನ್ನು ಒಳ್ಳೆಯದಾಗಿಸುವುದೂ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ಇ-ಸಿಗರೇಟು ಬಳಸುವವರಲ್ಲಿ ಶುರುವಾದ ಶ್ವಾಸಕೋಶದ ಹಾನಿಯ ಪ್ರಕರಣಗಳು 2020ರ ಫೆಬ್ರವರಿ ಹೊತ್ತಿಗೆ 2,807ಕ್ಕೆ ಏರಿ 68 ಜನ ಸತ್ತಾಗ, ಮುಖ್ಯ ಕಾರಣವೆಂದು ಗುರುತಿಸಿದ್ದು ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟನ್ನು. ಕಾಯಿಲ್, ಪಿನ್ನು, ಸೆಲ್ ಯಾವುದರ ತಪ್ಪೂ ಅಲ್ಲಿರಲಿಲ್ಲ. ಆದರೆ ಕೆಟ್ಟ ಉಪಕರಣ ಇದ್ದೇ ಇರುವ ಮನೆಯಲ್ಲಿ ಅದನ್ನು ಯಾರಾದರೂ ಬಿಚ್ಚಿಯೇ ಬಿಚ್ಚುತ್ತಾರೆ. ಯಾವ ಕಡೆಯಿಂದ ಬಿಚ್ಚಬಾರದು ಎಂದು ಅವರಿಗೆ ತಿಳಿದಿರುವುದು, ತಿಳಿಯದಿರುವುದಕ್ಕಿಂತ ಒಳ್ಳೆಯದು.

ಹಾಗಾಗಿ ಕಾಯಿಲ್, ಒ-ರಿಂಗ್, ಟ್ಯಾಂಕಿನ ಗಾಜು, ಕನೆಕ್ಟರಿನ ಕೊಳೆ, ಇವು ಮನೆಯ ಕೆಲಸ. ಹೊರತೆಗೆಯಲು ಬರುವ ಸೆಲ್ಲಾದರೆ ಇಡಿಯಾಗಿ ಬದಲಿಸುವುದೂ ಮನೆಯ ಕೆಲಸವೇ, ನಂಬಿಕಸ್ತರಿಂದ ಕೊಂಡದ್ದಾಗಿದ್ದರೆ. ಒಳಗೆ ಅಂಟಿಸಿಟ್ಟ ಸೆಲ್, ಚಾರ್ಜಿಂಗ್ ಸರ್ಕ್ಯೂಟ್, ತಾನಾಗಿ ಉರಿಯುವ ಸೆನ್ಸರ್ ಮನೆಯ ಕೆಲಸವಲ್ಲ. ಇ-ಸಿಗರೇಟನ್ನು ಎಂದೂ ನೋಡದ ಓದುಗರಿಗೂ ಸೆಲ್ಲಿನ ವಿಷಯದಲ್ಲಿ ಇದೇ ಅನ್ವಯ. ಉಬ್ಬಿದ ಪವರ್‌ಬ್ಯಾಂಕ್, ಹೊದಿಕೆ ಹರಿದ ಟಾರ್ಚಿನ ಸೆಲ್, ಬಿಸಿಯೇರುವ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಮನೆಯಲ್ಲಿದ್ದರೆ ಅದನ್ನು ಚುಚ್ಚಬೇಡಿ, ಮತ್ತೆ ಚಾರ್ಜಿಗಿಡಬೇಡಿ, ಹಸಿ ಕಸ ಒಣ ಕಸದ ಬುಟ್ಟಿಗೂ ಹಾಕಬೇಡಿ. ಬಿಡಿ ಸೆಲ್ಲಿನ ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪು ಅಂಟಿಸಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಬಳಸಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ.